ಒಂದರ ಭಾಗ ಇನ್ನೊಂದಕ್ಕೆ ಕೂರದ ದೈತ್ಯ ನೌಕೆಗಳು

ಎರಡನೇ ಮಹಾಯುದ್ಧದ ನಂತರ ಅಮೆರಿಕ ಕಟ್ಟಲು ಹೊರಟ ಸೂಪರ್‌ಕ್ಯಾರಿಯರ್‌ಗಳ, ಅಂದರೆ ದೈತ್ಯ ವಿಮಾನವಾಹಕ ನೌಕೆಗಳ ಚರಿತ್ರೆ ರದ್ದತಿಯಿಂದಲೇ ಆರಂಭವಾಗುತ್ತದೆ. ‘ಯುನೈಟೆಡ್ ಸ್ಟೇಟ್ಸ್’ ಎಂಬ ನೌಕೆಯ ನಿರ್ಮಾಣ 1949ರ ಏಪ್ರಿಲ್ 18ರಂದು ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಶುರುವಾಯಿತು. ಏಪ್ರಿಲ್ 23ರಂದು ರಕ್ಷಣಾ ಕಾರ್ಯದರ್ಶಿ ಲೂಯಿಸ್ ಜಾನ್ಸನ್ ಅದನ್ನು ನಿಲ್ಲಿಸಿದರು. ಅಣುಬಾಂಬನ್ನು ಒಯ್ಯುವ ಕೆಲಸ ವಾಯುಪಡೆಗೆ ಸೇರಿದ್ದೋ ನೌಕಾಪಡೆಗೆ ಸೇರಿದ್ದೋ ಎಂಬ ಜಗಳ ಇದರ ಹಿಂದಿತ್ತು. ಮರುವರ್ಷ ಕೊರಿಯಾ ಯುದ್ಧ ಬಂದು ಲೆಕ್ಕಾಚಾರಗಳನ್ನು ಬದಲಿಸಿತು. 1951ರಲ್ಲಿ ಮಂಜೂರಾದ ‘ಫಾರೆಸ್ಟಲ್’ 1955ರ ಅಕ್ಟೋಬರ್‌ನಲ್ಲಿ ಸೇವೆಗೆ ಸೇರಿತು.

ಯುದ್ಧಕಾಲದ ಎಸೆಕ್ಸ್ ವರ್ಗದ, ಅಂದರೆ ಒಂದೇ ನಕ್ಷೆಯ ಸೋದರ ನೌಕೆಗಳಲ್ಲಿ ಹಡಗಿನ ಬಲವೆಲ್ಲ ಹ್ಯಾಂಗರಿನ (ವಿಮಾನಗಳನ್ನು ನಿಲ್ಲಿಸುವ ಒಳಕೋಣೆಯ) ನೆಲದಲ್ಲಿತ್ತು, ವಿಮಾನಗಳು ಏರಿಳಿಯುವ ಮೇಲಿನ ಹಾರಾಟದ ಡೆಕ್ ಅದರ ಮೇಲೆ ಕಟ್ಟಿದ ಅಟ್ಟದಂತಿತ್ತು. ಫಾರೆಸ್ಟಲ್‌ನಲ್ಲಿ ಹಾರಾಟದ ಡೆಕ್ಕೇ ಹಡಗಿನ ಒಡಲಿಗೆ ಬೆಸೆದ, ಭಾರ ಹೊರುವ ಅಂಗವಾಯಿತು. ಮೂವತ್ತು ಟನ್ನಿಗೂ ಹೆಚ್ಚು ತೂಗುವ ಸ್ಕೈವಾರಿಯರ್ ಬಾಂಬರ್‌ಗಳನ್ನು ಇಳಿಸಿಕೊಳ್ಳಬೇಕಿದ್ದ ನೌಕೆಗೆ ಇದು ಅಗತ್ಯವೇ ಆಗಿತ್ತು.

ಆದರೆ ನಕ್ಷೆ ಮುಗಿದು ಕೆಲಸ ನಡೆಯುತ್ತಿರುವಾಗಲೇ ಬ್ರಿಟನ್ನಿನಿಂದ ಎರಡು ಹೊಸ ವಿಚಾರಗಳು ಬಂದವು. ಒಂದು ಉಗಿಯಿಂದ ವಿಮಾನವನ್ನು ಚಿಮ್ಮಿಸುವ ಕ್ಯಾಟಪಲ್ಟ್, ಮತ್ತೊಂದು ಓರೆಯಾಗಿ ಚಾಚಿದ ಇಳಿದಾಣ. ಎರಡನ್ನೂ ಅರ್ಧ ಕಟ್ಟಿದ ಹಡಗಿಗೆ ಹೊಂದಿಸಲಾಯಿತು. ನೇರ ಡೆಕ್ಕಿಗೆಂದು ಎಡಬದಿಯಲ್ಲಿ ಗೊತ್ತುಮಾಡಿದ್ದ, ವಿಮಾನಗಳನ್ನು ಹ್ಯಾಂಗರಿನಿಂದ ಮೇಲೆ-ಕೆಳಗೆ ಸಾಗಿಸುವ ಲಿಫ್ಟ್, ಓರೆ ಡೆಕ್ಕಿನ ಮುಂತುದಿಗೆ ಸರಿಯಾಗಿ ಬಂದುಬಿಟ್ಟಿತು; ವಿಮಾನಗಳು ಇಳಿಯುವಾಗ ಅದನ್ನು ಬಳಸುವಂತೆಯೇ ಇರಲಿಲ್ಲ. 1961ರ ‘ಕಿಟ್ಟಿ ಹಾಕ್’ನಲ್ಲಿ ಆ ಲಿಫ್ಟನ್ನು ಹಿಂದಕ್ಕೆ ಸರಿಸಿದ ಮೇಲಷ್ಟೇ ತೊಡಕು ನೀಗಿತು.

ಇಂಥ ತಿದ್ದುಪಡಿಗಳು ಒಂದೊಂದು ನೌಕೆಯನ್ನೂ ಹೊಸ ಮಾದರಿಯಾಗಿಸಿದವು, ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದದ ತೊಂದರೆಯ ಬೇರು ಇರುವುದು ಇಲ್ಲಿಯೇ. ಫಾರೆಸ್ಟಲ್‌ನ ಬಾಯ್ಲರ್‌ಗಳು ಚದರ ಅಂಗುಲಕ್ಕೆ 600 ಪೌಂಡ್ ಉಗಿ ಒತ್ತಡದವು. ಅದೇ ವರ್ಗದ ಸರಟೋಗ, ರೇಂಜರ್, ಇಂಡಿಪೆಂಡೆನ್ಸ್‌ಗಳದು 1,200 ಪೌಂಡ್. ಒತ್ತಡ ಇಮ್ಮಡಿಯಾದರೆ ಕೊಳವೆಯ ದಪ್ಪದಿಂದ ಕವಾಟದವರೆಗೆ ಎಲ್ಲದರ ಅಳತೆಯೂ ಬೇರೆಯಾಗುತ್ತದೆ. ಹೀಗಾಗಿ ಕಾಗದದ ಮೇಲೆ ನಾಲ್ಕು ಸೋದರ ನೌಕೆಗಳಿದ್ದರೂ ಎಂಜಿನ್ ಕೋಣೆಯ ಮಟ್ಟಿಗೆ ಫಾರೆಸ್ಟಲ್ ಒಂಟಿ. ಕಿಟ್ಟಿ ಹಾಕ್‌ನ ಬಳಗದ್ದೂ ಇದೇ ಕಥೆ: ‘ಅಮೆರಿಕ’ ನೌಕೆಗೆ ಸೋನಾರ್ (ನೀರಿನಡಿಯಲ್ಲಿರುವುದನ್ನು ಶಬ್ದದಿಂದ ಪತ್ತೆಹಚ್ಚುವ ಸಾಧನ) ಅಳವಡಿಸಿದ್ದರಿಂದ ಅದರ ಮೂತಿಯ ವಿನ್ಯಾಸವೇ ಬದಲಾಯಿತು. ಎಲ್ಲಕ್ಕಿಂತ ಒಂಟಿಯಾದದ್ದು 1961ರ ‘ಎಂಟರ್‌ಪ್ರೈಸ್’. 1971ರ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯತ್ತ ಬಂದು ನಮ್ಮವರನ್ನು ಬೆದರಿಸಲು ನೋಡಿದ ಹಡಗು ಇದೇ. ಎಂಟು ಅಣು ರಿಯಾಕ್ಟರ್‌ಗಳ ಈ ನೌಕೆಗೆ ಜೊತೆಯಾಗಿ ಇನ್ನೂ ಹಲವನ್ನು ಕಟ್ಟುವ ಯೋಜನೆಯಿತ್ತು. ಖರ್ಚು ನೋಡಿ ಕೈಬಿಟ್ಟರು, ಅದರ ಯಂತ್ರಗಳಿಗೆ ಹೊಂದುವ ಇನ್ನೊಂದು ಹಡಗು ಹುಟ್ಟಲೇ ಇಲ್ಲ. 1975ರಿಂದ 2009ರವರೆಗೆ ಸೇವೆಗೆ ಬಂದ ಹತ್ತು ನಿಮಿಟ್ಜ್ ನೌಕೆಗಳಲ್ಲಿ ತಲಾ ಎರಡೇ ರಿಯಾಕ್ಟರ್‌ಗಳಿವೆ. ಒಂದೇ ವಿನ್ಯಾಸಕ್ಕೆ ಮೂರೂವರೆ ದಶಕ ಅಂಟಿಕೊಂಡದ್ದೇ ಆ ವರ್ಗದ ನಿಜವಾದ ಜಾಣತನ ಎನ್ನಬೇಕು.

ಹಳೆಯ ನೌಕೆಗಳ ಆಯುಷ್ಯವನ್ನು ಹೆಚ್ಚಿಸಲು 1980ರಿಂದ ಫಿಲಡೆಲ್ಫಿಯಾದ ನೌಕಾ ಹಡಗುಕಟ್ಟೆಯಲ್ಲಿ ದೊಡ್ಡ ದುರಸ್ತಿಗಳು ನಡೆದವು, ಮೊದಲ ಸರದಿ ಸರಟೋಗದ್ದು. ಆಮೇಲೆ ಉಳಿದ ದಾರಿಯೆಂದರೆ ನಿವೃತ್ತ ಹಡಗುಗಳೇ ಉಗ್ರಾಣವಾಗುವುದು. 1998ರಲ್ಲಿ ನಿವೃತ್ತವಾದ ಇಂಡಿಪೆಂಡೆನ್ಸ್‌ನಿಂದ, ಇನ್ನೂ ಓಡುತ್ತಿದ್ದ ಕಿಟ್ಟಿ ಹಾಕ್ ವರ್ಗದ ನೌಕೆಗಳಿಗೆಂದು ಬಿಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಯಂತ್ರಗಳು ಹೊಂದದ ಕಡೆಯೂ ಲಂಗರು ಹೊಂದುತ್ತದೆ: ಇಂಡಿಪೆಂಡೆನ್ಸ್‌ನ ಲಂಗರು, ಸರಪಳಿಗಳು ನಿಮಿಟ್ಜ್ ವರ್ಗದ ಕೊನೆಯ ನೌಕೆ ‘ಜಾರ್ಜ್ ಎಚ್. ಡಬ್ಲ್ಯು. ಬುಷ್’ಗೆ ಹೋದವು, ಎಂಟರ್‌ಪ್ರೈಸ್‌ನ ಒಂದು ಲಂಗರು ‘ಅಬ್ರಹಾಂ ಲಿಂಕನ್’ ಪಾಲಾಯಿತು.

ಹೀಗೆ ಬರಿದಾದ ಒಡಲುಗಳನ್ನು ಒಡೆಯುವ ಖರ್ಚೇ ಹೆಚ್ಚು. ಫಾರೆಸ್ಟಲ್ 2013ರಲ್ಲಿ ಒಂದು ಸೆಂಟಿಗೆ ಗುಜರಿಗೆ ಮಾರಾಟವಾಯಿತು. 2021ರಲ್ಲಿ ಕಿಟ್ಟಿ ಹಾಕ್ ಮತ್ತು ‘ಜಾನ್ ಎಫ್. ಕೆನಡಿ’ಗಳಿಗೂ ಅಷ್ಟೇ ಬೆಲೆ ಸಿಕ್ಕಿತು.