ಏನೂ ಕಾಣದ ಗಂಟೆಯನ್ನೂ ಬರೆದಿಡುವವರು

ಅಮ್ಮ ಕುಮಟಾದಿಂದ ಬಂದಿದ್ದಳು. ಜನವರಿ ತಿಂಗಳು. ಲಾಸ್ ಏಂಜಲೀಸ್ ಪಕ್ಕದ ಪಾಯಿಂಟ್ ವಿಸೆಂಟೆ ಅನ್ನೋ ಕಡಲ ತುದಿಗೆ ಒಂದು ಬೆಳಗ್ಗೆ ಅವಳನ್ನು ಕರೆದುಕೊಂಡು ಹೋದೆ. ಸುಮಾರು 38 ಮೀಟರ್ ಎತ್ತರದ ಕಡಿದಾದ ದಿಬ್ಬ, ಪಕ್ಕದಲ್ಲಿ 1926ರಲ್ಲಿ ಕಟ್ಟಿದ ಬಿಳಿ ಲೈಟ್‌ಹೌಸ್, ಎದುರಿಗೆ ದೂರದಲ್ಲಿ ಕ್ಯಾಟಲೀನಾ ದ್ವೀಪ. ದಿಬ್ಬದ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು, ಟೋಪಿ, ಕಂಬಳಿ, ಫ್ಲಾಸ್ಕ್ ಎಲ್ಲ ಇಟ್ಟುಕೊಂಡು ಐದಾರು ಜನ ಕೂತಿದ್ದರು. ಮಾತಾಡುವಾಗಲೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನೀರಿನ ಮೇಲೇ.

"ಇವರಿಗೆಲ್ಲ ಸಂಬಳ ಯಾರು ಕೊಡ್ತಾರೆ?" ಅಂತ ಅಮ್ಮ ಕೇಳಿದಳು.

ಯಾರೂ ಕೊಡುವುದಿಲ್ಲ. ತಿಮಿಂಗಿಲ, ಡಾಲ್ಫಿನ್‌ಗಳ ಉಳಿವಿಗಾಗಿ ಕೆಲಸ ಮಾಡುವ ಅಮೆರಿಕನ್ ಸಿಟೇಶಿಯನ್ ಸೊಸೈಟಿಯ ಲಾಸ್ ಏಂಜಲೀಸ್ ಶಾಖೆ ನಡೆಸುವ ಎಣಿಕೆ ಇದು. ನಾಲ್ಕು ದಶಕಗಳಿಗೂ ಜಾಸ್ತಿ ಕಾಲದಿಂದ ನಡೆಯುತ್ತಿದೆ. ಡಿಸೆಂಬರ್ 1ಕ್ಕೆ ಶುರುವಾದರೆ ಮೇ ತಿಂಗಳ ಕೊನೆಯವರೆಗೆ, ದಿನಾ, ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ, ತರಬೇತಿ ಪಡೆದ ಸ್ವಯಂಸೇವಕರು ಸರದಿ ಮೇಲೆ ಕೂತು ಬೂದು ತಿಮಿಂಗಿಲ (ಗ್ರೇ ವೇಲ್) ಎಣಿಸುತ್ತಾರೆ. ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗರು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರು, ಎಲ್ಲ ಥರದವರೂ ಇರುತ್ತಾರೆ.

ಅರ್ಧ ಗಂಟೆ ಕಳೆದಿರಬೇಕು, ಅಮ್ಮ ನನ್ನ ತೋಳು ಹಿಡಿದು ಎಳೆದಳು. "ಅಲ್ನೋಡೇ, ನೀರಿನ ಮೇಲೆ ಹೊಗೆ!" ನಾನು ತಿರುಗುವಷ್ಟರಲ್ಲಿ ಅದು ಕರಗಿತ್ತು. ಆದರೆ ಕುರ್ಚಿಯಲ್ಲಿದ್ದ ಒಬ್ಬರು ಆಗಲೇ "ಬ್ಲೋ" ಅಂದಿದ್ದರು, ಪಕ್ಕದವರು ಹಾಳೆಯಲ್ಲಿ ಗಂಟೆ ನಿಮಿಷ ಬರೆಯುತ್ತಿದ್ದರು. ಹುಟ್ಟಿದಾಗಿನಿಂದ ಸಮುದ್ರ ನೋಡಿದ ಕಣ್ಣು ಅಮ್ಮನದು. ಬೈನಾಕ್ಯುಲರ್ ಇಲ್ಲದೇ ಹಿಡಿದುಬಿಟ್ಟಳು.

ಅವಳು ಹೊಗೆ ಅಂದಿದ್ದು ನಿಜಕ್ಕೂ ಉಸಿರು. ತಿಮಿಂಗಿಲ ಮೂಗಿನಿಂದ ನೀರಿನ ಕಾರಂಜಿ ಬಿಡುತ್ತದೆ ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಚಿತ್ರ ಬರೆದವರೇ, ಅಲ್ವಾ? ಒಳಗೆ ನೀರೇನೂ ಇರುವುದಿಲ್ಲ. ಅದೂ ನಮ್ಮ ಹಾಗೇ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಮೈಯೊಳಗೆ ಬೆಚ್ಚಗಿದ್ದ ತೇವದ ಗಾಳಿ ಜೋರಾಗಿ ಹೊರಬಂದಾಗ ಹನಿಯಾಗುತ್ತದೆ, ಮಡಿಕೇರಿಯ ಚಳಿಯಲ್ಲಿ ನಮ್ಮ ಬಾಯಿಂದ ಬರುವ ಹಬೆಯ ಹಾಗೆ. ಜೊತೆಗೆ ಮೂಗಿನ ಹೊಳ್ಳೆಯ ಸುತ್ತ ನಿಂತಿದ್ದ ಸಮುದ್ರದ ನೀರೂ ಒಂದಿಷ್ಟು ಹಾರುತ್ತದೆ. ಬೂದು ತಿಮಿಂಗಿಲಕ್ಕೆ ಎರಡು ಹೊಳ್ಳೆ. ಹಾಗಾಗಿ ಗಾಳಿ ಇಲ್ಲದ ದಿನ ನೇರ ಎದುರಿನಿಂದಲೋ ಹಿಂದಿನಿಂದಲೋ ನೋಡಿದರೆ ಆ ಹಬೆ ಹೃದಯದ ಆಕಾರದಲ್ಲಿ ಕಾಣುತ್ತದೆ. ಮೂರ್ನಾಲ್ಕು ಮೀಟರ್ ಎತ್ತರಕ್ಕೆ ಏಳುತ್ತದೆ, ಕೆಲವೇ ಸೆಕೆಂಡು ನಿಲ್ಲುತ್ತದೆ. ಎಣಿಸುವವರಿಗೆ ಹೆಚ್ಚಿನ ಸಲ ಸಿಗುವ ಸುಳಿವು ಅಷ್ಟೇ.

ಈ ಬೂದು ತಿಮಿಂಗಿಲದ ಓಡಾಟ ದೊಡ್ಡದು. ಬೇಸಿಗೆಯಲ್ಲಿ ಅಲಾಸ್ಕದ ಆಚೆ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳಲ್ಲಿ ಊಟ. ಚಳಿಗಾಲಕ್ಕೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚನೆ ಹಿನ್ನೀರುಗಳಿಗೆ ಬಂದು ಮರಿ ಹಾಕುತ್ತದೆ. ಹೋಗಿ ಬರುವ ದಾರಿ ಒಟ್ಟು 16,000 ಕಿಲೋಮೀಟರ್‌ಗೂ ಜಾಸ್ತಿ, ಅದರಲ್ಲಿ ಬಹುಪಾಲು ಉಪವಾಸ. ಸಮುದ್ರ ಅಷ್ಟು ವಿಶಾಲವಾಗಿದ್ದರೂ ಇದು ನಡುಗಡಲು ಹಿಡಿಯುವುದಿಲ್ಲ, ದಡದ ಜೊತೆಜೊತೆಗೇ ಸಾಗುತ್ತದೆ. ಅದೇ ಕಾರಣಕ್ಕೆ ಹಡಗು ಇಲ್ಲದೆ, ಹಣವಿಲ್ಲದೆ, ಸುಮ್ನೆ ದಿಬ್ಬದ ಮೇಲೆ ಕೂತು ಇದನ್ನು ಎಣಿಸಲು ಆಗುವುದು. 1940ರ ದಶಕದಲ್ಲೇ ಸ್ಯಾನ್ ಡಿಯಾಗೋ ಬಳಿಯ ಸ್ಕ್ರಿಪ್ಸ್ ಸಂಸ್ಥೆಯ ಕಾರ್ಲ್ ಹಬ್ಸ್ ಕಟ್ಟಡದ ಮಾಳಿಗೆ ಹತ್ತಿ ವಿದ್ಯಾರ್ಥಿಗಳ ಜೊತೆ ಹೀಗೆ ಎಣಿಸುತ್ತಿದ್ದರು.

ದಿಬ್ಬವೇ ಯಾಕೆ, ಬೀಚಿನ ಮೇಲೆ ನಿಂತರೆ ಆಗಲ್ವಾ? ಭೂಮಿ ಗುಂಡಗಿದೆ. ನೀರಿನ ಅಂಚಿನಲ್ಲಿ ನಿಂತ ಮನುಷ್ಯನಿಗೆ ಬಾನಂಚು ಸುಮಾರು 5 ಕಿಲೋಮೀಟರ್‌ಗೇ ಮುಗಿಯುತ್ತದೆ. 38 ಮೀಟರ್ ಮೇಲೆ ಹೋದರೆ ಅದೇ ಬಾನಂಚು 22 ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಎತ್ತರದಿಂದ ಇನ್ನೊಂದು ಅನುಕೂಲ ಇದೆ, ಅದು ನನಗೆ ತುಂಬಾ ಹಿಡಿಸಿದ್ದು. ತಿಮಿಂಗಿಲ ಎಷ್ಟು ದೂರದಲ್ಲಿದೆ ಅಂತ ಅಳೆಯಬಹುದು. ದಡದಿಂದ 1 ಕಿಲೋಮೀಟರ್ ದೂರದಲ್ಲಿರುವುದನ್ನು ನೋಡಲು ದೃಷ್ಟಿಯನ್ನು ಸುಮಾರು ಎರಡು ಡಿಗ್ರಿ ಕೆಳಗಿಳಿಸಬೇಕು, 4 ಕಿಲೋಮೀಟರ್‌ನಲ್ಲಿದ್ದರೆ ಅರ್ಧ ಡಿಗ್ರಿ ಸಾಕು. ಗಾಜಿನ ಮೇಲೆ ಸಣ್ಣ ಗೀಟು ಎಳೆದ ಬೈನಾಕ್ಯುಲರ್‌ಗಳು ಸಿಗುತ್ತವೆ. ಬಾನಂಚಿಗಿಂತ ಎಷ್ಟು ಗೀಟು ಕೆಳಗೆ ಹಬೆ ಕಂಡಿತು ಅಂತ ಓದಿಕೊಂಡರೆ, ದಿಬ್ಬದ ಎತ್ತರ ಗೊತ್ತಿರುವುದರಿಂದ ದೂರ ಲೆಕ್ಕ ಹಾಕಬಹುದು. ಹೈಸ್ಕೂಲಿನ ತ್ರಿಕೋನಮಿತಿ, ಅಷ್ಟೇ.

ಒಂದನ್ನೇ ಎರಡು ಸಲ ಎಣಿಸಿಬಿಟ್ಟರೆ? ಹೊಸಬರೆಲ್ಲ ಮೊದಲು ಕೇಳುವ ಪ್ರಶ್ನೆ ಇದು, ನಾನೂ ಕೇಳಿದ್ದೆ. ಸಾಗುತ್ತಿರುವ ಬೂದು ತಿಮಿಂಗಿಲಕ್ಕೆ ಒಂದು ಲಯ ಇರುತ್ತದೆ. ಮೂರರಿಂದ ಐದು ಸಲ ಉಸಿರು ಬಿಡುತ್ತದೆ, ಆಮೇಲೆ ಬಾಲ ಎತ್ತಿ ಮುಳುಗುತ್ತದೆ, ನಾಲ್ಕೈದು ನಿಮಿಷ ಕಾಣುವುದಿಲ್ಲ. ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್, ಅಂದರೆ ನಾವು ಬಿರುಸಾಗಿ ನಡೆಯುವಷ್ಟು. ಐದು ನಿಮಿಷಕ್ಕೆ ಅರ್ಧ ಕಿಲೋಮೀಟರ್ ಆಯಿತು. ದಕ್ಷಿಣಕ್ಕೆ ಹೊರಟಿದ್ದ ಜೋಡಿಯೊಂದು ಈಗ ಮುಳುಗಿದರೆ ಐದು ನಿಮಿಷ ಬಿಟ್ಟು ಅರ್ಧ ಕಿಲೋಮೀಟರ್ ಎಡಕ್ಕೆ ನೋಡಬೇಕು. ಅಲ್ಲೇ ಎದ್ದರೆ ಅದೇ ಜೋಡಿ, ಎರಡು ನಿಮಿಷಕ್ಕೇ ಬಲಗಡೆ ಇನ್ನೊಂದು ಹಬೆ ಎದ್ದರೆ ಅದು ಬೇರೆ. ಮುಳುಗಿದ ಜಾಗದಲ್ಲಿ ಬಾಲದ ಹೊಡೆತಕ್ಕೆ ನೀರು ನುಣ್ಣಗೆ ಎಣ್ಣೆ ಹರಡಿದ ಹಾಗೆ ವೃತ್ತವಾಗಿ ನಿಲ್ಲುತ್ತದೆ, ಅದನ್ನು ಅವರು ಹೆಜ್ಜೆಗುರುತು ಅನ್ನುತ್ತಾರೆ. ಎತ್ತರದಿಂದ ನೋಡಿದರೆ ಆ ಹೆಜ್ಜೆಗುರುತುಗಳ ಸಾಲು ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು. ಪ್ರಾಣಿ ಕಾಣುತ್ತಿಲ್ಲ, ಆದರೆ ಅದು ನಡೆದ ದಾರಿ ನೀರಿನ ಮೇಲೆ ಇದೆ.

ಆ ಹಾಳೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಸೊನ್ನೆ. ಡಿಸೆಂಬರ್ ಮೊದಲ ವಾರದಲ್ಲಿ ಇಡೀ ದಿನ ಕೂತರೂ ಒಂದೂ ಬರದೇ ಇರಬಹುದು. ಅಂಥ ದಿನವನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾರೆ. ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಇಷ್ಟು ಜನ, ಗಾಳಿ ಹೀಗಿತ್ತು, ಬಾನಂಚು ಸ್ಪಷ್ಟವಿತ್ತು, ತಿಮಿಂಗಿಲ 0. ಯಾಕೆ ಅಂದರೆ, ಹತ್ತು ಗಂಟೆ ಕೂತು ಐದು ಕಾಣುವುದಕ್ಕೂ ಎರಡೇ ಗಂಟೆ ಕೂತು ಐದು ಕಾಣುವುದಕ್ಕೂ ಅರ್ಥವೇ ಬೇರೆ. ಕೂತ ಹೊತ್ತು ಬರೆಯದಿದ್ದರೆ ಆ ಐದಕ್ಕೆ ಬೆಲೆ ಇಲ್ಲ. ಹಾಗೇ, ಸೊನ್ನೆ ಬೇರೆ, ಮಂಜು ಮುಸುಕಿ ಏನೂ ಕಾಣಲಿಲ್ಲ ಅನ್ನೋದು ಬೇರೆ. ಮೊದಲನೆಯದು ಸಮುದ್ರದ ಸುದ್ದಿ, ಎರಡನೆಯದು ಹವಾಮಾನದ ಸುದ್ದಿ. ಗಾಳಿ ಎದ್ದು ಅಲೆಗಳ ತಲೆಯೆಲ್ಲ ಬಿಳಿಯಾದರೆ ಹಬೆ ಯಾವುದು ನೊರೆ ಯಾವುದು ಅಂತ ತಿಳಿಯುವುದೇ ಕಷ್ಟ, ಅದನ್ನೂ ಬರೆಯಬೇಕು. ಪಕ್ಷಿ ವೀಕ್ಷಣೆಗೆ ಹೋಗಿ ಬಂದು ಕಂಡ ಹಕ್ಕಿಗಳ ಪಟ್ಟಿ ಮಾತ್ರ ಇಡುವ ನಮ್ಮಂಥವರಿಗೆ ಇದು ರೂಢಿಯಾಗಲು ಸ್ವಲ್ಪ ಕಾಲ ಬೇಕು.

ಪಾಯಿಂಟ್ ವಿಸೆಂಟೆಯ ಮೊತ್ತ ಅಂದರೆ ಒಟ್ಟು ತಿಮಿಂಗಿಲಗಳ ಸಂಖ್ಯೆ ಅಲ್ಲ. ಇಲ್ಲಿ ದಡದಾಚೆ ದ್ವೀಪಗಳಿವೆ, ದಕ್ಷಿಣಕ್ಕೆ ಹೋಗುವ ತುಂಬಾ ತಿಮಿಂಗಿಲಗಳು ದ್ವೀಪಗಳ ಆಚೆಯಿಂದ ಹೋಗಿಬಿಡುತ್ತವೆ. ಅದೇ ಜಾಗ, ಅದೇ ವಿಧಾನ, ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ, ಮೊದಲನೆಯದು ಯಾವಾಗ ಬಂತು, ಎಷ್ಟು ಮರಿ, ಮೈ ತುಂಬಿಕೊಂಡಿವೆಯೋ ಬಡಕಲಾಗಿವೆಯೋ, ಇಂಥವಕ್ಕೆ ಈ ಲೆಕ್ಕ ಬೇಕು.

ಒಟ್ಟು ಸಂಖ್ಯೆಯ ಅಂದಾಜಿಗೆ ಇನ್ನೂ ಉತ್ತರಕ್ಕೆ ಹೋಗಬೇಕು. ಮಾಂಟೆರೆ ಬಳಿಯ ಗ್ರಾನೈಟ್ ಕ್ಯಾನ್ಯನ್‌ನಲ್ಲಿ ಸರ್ಕಾರದ ನೋವಾ ಸಂಸ್ಥೆಯ ವಿಜ್ಞಾನಿಗಳು ಕೂತು ಎಣಿಸುತ್ತಾರೆ. ಕ್ಯಾಲಿಫೋರ್ನಿಯಾ ದಡದಿಂದ ಅವರ ಎಣಿಕೆ ಶುರುವಾಗಿದ್ದು 1967ರಲ್ಲಿ. ಅವರಿಗೂ ಅದೇ ತೊಂದರೆ. ಕಣ್ಣಿಗೆ ಬೀಳದೇ ಹೋದವು ಎಷ್ಟು? ಇದಕ್ಕೊಂದು ಚಂದದ ಉಪಾಯ ಇದೆ. ಎರಡು ತಂಡ ಒಂದಕ್ಕೊಂದು ಮಾತಾಡದೆ ಒಂದೇ ಸಮುದ್ರ ನೋಡುವುದು. ಉದಾಹರಣೆಗೆ ಮೊದಲ ತಂಡಕ್ಕೆ 40 ಕಂಡವು, ಎರಡನೆಯದಕ್ಕೆ 45, ಇಬ್ಬರ ಪಟ್ಟಿಯಲ್ಲೂ ಇರುವುದು 36 ಅಂದುಕೊಳ್ಳಿ. ಎರಡನೇ ತಂಡ ನೋಡಿದ 45ರಲ್ಲಿ ಮೊದಲ ತಂಡ ಹಿಡಿದಿದ್ದು 36, ಅಂದರೆ ನೂರಕ್ಕೆ 80. ನೂರಕ್ಕೆ 80 ಮಾತ್ರ ಹಿಡಿಯುವ ಕಣ್ಣಿಗೆ 40 ಕಂಡಿದೆ ಅಂದರೆ ನಿಜಕ್ಕೂ ಹೋಗಿದ್ದು 50. ಎರಡೂ ಪಟ್ಟಿ ಸೇರಿಸಿದರೆ ಬರುವುದು 49. ಹಾಗಾದರೆ ಯಾರ ಕಣ್ಣಿಗೂ ಬೀಳದೆ ಒಂದು ಹೋಗಿದೆ! ಅದೂ ಲೆಕ್ಕಕ್ಕೆ ಸಿಕ್ಕಿತು. ರಾತ್ರಿ ಹೋಗುವವುಗಳ ಲೆಕ್ಕಕ್ಕೆ ಶಾಖ ಗುರುತಿಸುವ ಕ್ಯಾಮೆರಾ ಇಟ್ಟು ನೋಡಿದ್ದಾರೆ. ಅದೇ ಬೆಚ್ಚನೆ ಉಸಿರು ಕತ್ತಲಲ್ಲಿ ಬೆಳ್ಳಗೆ ಹೊಳೆಯುತ್ತದೆ. ತಿಮಿಂಗಿಲಗಳು ರಾತ್ರಿಯೂ ನಿಲ್ಲದೆ ಸಾಗುತ್ತವೆ ಅಂತ ಹಾಗೆ ಖಚಿತವಾಯಿತು.

ಈ ಎಲ್ಲ ಲೆಕ್ಕ ಸೇರಿ ಹೇಳಿದ ಕಥೆ ಮೊದಲು ಖುಷಿಯದೇ ಆಗಿತ್ತು. 19ನೇ ಶತಮಾನದಲ್ಲಿ ಬೇಟೆಗಾರರು ಬಾಹಾದ ಹಿನ್ನೀರಿಗೇ ನುಗ್ಗಿ ತಾಯಿ ಮರಿಗಳನ್ನು ಕೊಂದಿದ್ದರು, ಬೂದು ತಿಮಿಂಗಿಲ ಮುಗಿದೇ ಹೋಯಿತು ಅನ್ನುವ ಸ್ಥಿತಿ ಬಂದಿತ್ತು. ಬೇಟೆ ನಿಂತ ಮೇಲೆ ನಿಧಾನಕ್ಕೆ ಚೇತರಿಸಿಕೊಂಡವು. 1994ರಲ್ಲಿ ಅಮೆರಿಕದ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ಇದನ್ನು ತೆಗೆದರು. 2016ರ ಹೊತ್ತಿಗೆ ಅಂದಾಜು 27,000. ಆಮೇಲೆ ಇಳಿಯತೊಡಗಿತು. 2018ರ ಕೊನೆಯಿಂದ 2023ರವರೆಗೆ ಮೆಕ್ಸಿಕೋ, ಅಮೆರಿಕ, ಕೆನಡಾ ದಡಗಳಲ್ಲಿ 690 ಬೂದು ತಿಮಿಂಗಿಲಗಳು ದಡಕ್ಕೆ ಬಿದ್ದವು, ಬಹಳಷ್ಟು ಬಡಕಲಾಗಿದ್ದವು. 2025ರ ಅಂದಾಜು ಸುಮಾರು 13,000. 1970ರ ದಶಕದ ನಂತರ ಇಷ್ಟು ಕಡಿಮೆ ಆಗಿರಲಿಲ್ಲ. ಹತ್ತು ವರ್ಷದಲ್ಲಿ ಅರ್ಧ ಖಾಲಿ.

ಕಾರಣ ಹಸಿವು. ಬೂದು ತಿಮಿಂಗಿಲ ಉತ್ತರದಲ್ಲಿ ಸಮುದ್ರದ ತಳದ ಕೆಸರನ್ನು ಒಂದು ಮಗ್ಗುಲಾಗಿ ಹೀರಿ, ಸೋಸಿ, ಅದರಲ್ಲಿನ ಆಂಫಿಪಾಡ್ ಅನ್ನೋ ಸೀಗಡಿಯಂಥ ಪುಟ್ಟ ಜೀವಿಗಳನ್ನು ತಿನ್ನುತ್ತದೆ. ಆ ಜೀವಿಗಳಿಗೆ ಆಹಾರ ಮೇಲಿನಿಂದ ಉದುರುತ್ತದೆ. ಮಂಜುಗಡ್ಡೆಯ ಅಡಿಯಲ್ಲಿ ಪಾಚಿ ಬೆಳೆಯುತ್ತದೆ, ಗಡ್ಡೆ ಕರಗಿದಾಗ ತಳಕ್ಕೆ ಇಳಿಯುತ್ತದೆ. ಮಂಜುಗಡ್ಡೆಯೇ ಕಡಿಮೆಯಾದರೆ ಪಾಚಿ ಕಡಿಮೆ, ತಳದ ಜೀವಿ ಕಡಿಮೆ, ಕೊನೆಗೆ ಸಾವಿರಾರು ಕಿಲೋಮೀಟರ್ ಉಪವಾಸ ಹೊರಡುವ ತಾಯಿಯ ಮೈಯಲ್ಲಿ ಕೊಬ್ಬು ಕಡಿಮೆ. ಹಸಿದ ತಾಯಿ ಮರಿ ಹಾಕುವುದಿಲ್ಲ. ಕ್ಯಾಲಿಫೋರ್ನಿಯಾ ದಡದ ಪಿಯೆದ್ರಾಸ್ ಬ್ಲಾಂಕಾಸ್ ಅನ್ನೋ ತುದಿಯಲ್ಲಿ 1994ರಿಂದ ಉತ್ತರಕ್ಕೆ ಮರಳುವ ಮರಿಗಳ ಲೆಕ್ಕ ಇಡುತ್ತಿದ್ದಾರೆ. 2025ರಲ್ಲಿ ಹುಟ್ಟಿದ ಮರಿಗಳು ಬರೀ 85ರಷ್ಟು ಅಂತ ಅಂದಾಜು. ಅಲ್ಲಿ ಎಣಿಕೆ ಶುರುವಾದ ಮೇಲೆ ಅತಿ ಕಡಿಮೆ ಅದು. ಹಿಂದೆಯೂ, 1980ರ ದಶಕದ ಕೊನೆಗೆ ಮತ್ತು 1999-2000ರಲ್ಲಿ, ಹೀಗೆ ಜಾಸ್ತಿ ಸತ್ತು ಮತ್ತೆ ಚೇತರಿಸಿಕೊಂಡಿದ್ದವು. ಈ ಸಲ ಚೇತರಿಕೆ ಬೇಗ ಕಾಣುತ್ತಿಲ್ಲ. ನನಗೆ ಇದು ಸಂಕಟದ ವಿಷಯ. ದಿಬ್ಬದ ಮೇಲೆ ಇಪ್ಪತ್ತು ಮೂವತ್ತು ವರ್ಷ ಕೂತವರ ಎದುರು ಈ ಮಾತೆತ್ತಿದರೆ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಕೇಳಿದಳು, "ನಮ್ಮಲ್ಲಿ ಯಾಕೆ ಹೀಗೆ ಕೂತು ಎಣಿಸೋರಿಲ್ಲ?" ನಮ್ಮ ಅರಬ್ಬಿ ಸಮುದ್ರದಲ್ಲೂ ತಿಮಿಂಗಿಲಗಳಿವೆ. ಬ್ರೈಡ್ಸ್ ತಿಮಿಂಗಿಲ ಸತ್ತು ದಡಕ್ಕೆ ಬಂದ ಸುದ್ದಿ ಆಗಾಗ ಬರುತ್ತದೆ. ಧ್ರುವದ ಕಡೆ ವಲಸೆಯನ್ನೇ ಹೋಗದೆ ವರ್ಷವಿಡೀ ಇಲ್ಲೇ ಉಳಿಯುವ, ತೀರಾ ಕಡಿಮೆ ಸಂಖ್ಯೆಯ ಗೂನುಬೆನ್ನಿನ ತಿಮಿಂಗಿಲಗಳೂ ಅರಬ್ಬಿ ಸಮುದ್ರದ್ದೇ. ಆದರೆ ಅವುಗಳದ್ದು ಹೀಗೆ ದಡದ ಪಕ್ಕದ ಮೆರವಣಿಗೆ ಅಲ್ಲ. ಜೊತೆಗೆ ನಮ್ಮ ಕರಾವಳಿಯಲ್ಲಿ ಸಮುದ್ರ ತುಂಬಾ ದೂರದವರೆಗೆ ಆಳವಿಲ್ಲದೆ ಚಪ್ಪಟೆಯಾಗಿದೆ. ಪಾಯಿಂಟ್ ವಿಸೆಂಟೆಯಲ್ಲಿ ಕೆಲವೇ ಕಿಲೋಮೀಟರ್‌ಗೆ ತಳ ಧುಮುಕುತ್ತದೆ, ಹಾಗಾಗಿ ದಡ ಹಿಡಿದು ಹೋಗುವ ಪ್ರಾಣಿ ಕಣ್ಣಳತೆಯಲ್ಲೇ ಹಾದು ಹೋಗುತ್ತದೆ. ದಡದಿಂದ ಎಣಿಸುವುದಾದರೆ ನಮ್ಮಲ್ಲಿ ಡಾಲ್ಫಿನ್ ಸರಿ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಬೆನ್ನ ಮೇಲೆ ಗೂನಿರುವ ಡಾಲ್ಫಿನ್‌ಗಳು ದಡಕ್ಕೆ ಹತ್ತಿರವೇ ಓಡಾಡುತ್ತವೆ. ಗುಡ್ಡಗಳಿಗೂ ಅಲ್ಲಿ ಬರ ಇಲ್ಲ.

ಲಾಸ್ ಏಂಜಲೀಸ್ ಕಡೆ ಇರುವ ಕನ್ನಡಿಗರು ತುಂಬಾ ಜನ, ಪಾಯಿಂಟ್ ವಿಸೆಂಟೆಗೆ ಯಾವಾಗ ಹೋಗಬೇಕು ಅಂತ ಕೇಳುತ್ತಿರುತ್ತಾರೆ. ಜಾಸ್ತಿ ಸಂಖ್ಯೆಯಲ್ಲಿ ನೋಡಬೇಕಾದರೆ ಜನವರಿ ಮಧ್ಯದಿಂದ ಮಾರ್ಚ್‌ವರೆಗೆ, ಗಾಳಿ ಏಳುವ ಮುಂಚೆ, ಬೆಳಗ್ಗೆ. ಮಧ್ಯಾಹ್ನ ಪಡುವಣದ ಬಿಸಿಲು ನೀರಿನಿಂದ ಕಣ್ಣಿಗೆ ಹೊಡೆಯುತ್ತದೆ. ಎಣಿಸುವವರ ಹಿಂದೆ ನಿಲ್ಲಿ, ಮುಂದೆ ಅಡ್ಡ ಬರಬೇಡಿ. ಕೇಳಿದರೆ ಪ್ರೀತಿಯಿಂದ ತೋರಿಸುತ್ತಾರೆ.

ಏಪ್ರಿಲ್‌ನಲ್ಲಿ ಹೋದರೆ ಮಾತ್ರ ದೂರ ನೋಡಬೇಡಿ, ದಿಬ್ಬದ ಬುಡಕ್ಕೇ ನೋಡಿ. ತಾಯಿ ಮರಿ ಎಲ್ಲರಿಗಿಂತ ಕೊನೆಗೆ ಹೊರಡುತ್ತವೆ, ಮರಿಗಳನ್ನು ಬೇಟೆಯಾಡುವ ಓರ್ಕಾಗಳ (ಕಿಲ್ಲರ್ ವೇಲ್) ಕಣ್ಣು ತಪ್ಪಿಸಲು ಕೆಲ್ಪ್ ಅನ್ನೋ ಉದ್ದನೆ ಕಡಲಪಾಚಿಯ ನಡುವೆ, ಬಂಡೆಗೆ ತಾಗಿಕೊಂಡೇ ಬರುತ್ತವೆ. ಮೊದಲು ತಾಯಿಯ ದೊಡ್ಡ ಹಬೆ ಏಳುತ್ತದೆ. ಅದರ ಮಗ್ಗುಲಲ್ಲೇ, ಒಂದು ಹಿಡಿಯಷ್ಟು ಅನ್ನಿಸುವ ಇನ್ನೊಂದು ಹಬೆ. ಮರಿ ತಾಯಿಗಿಂತ ಬೇಗ ಬೇಗ ಉಸಿರಾಡುತ್ತದೆ. ಗಾಳಿ ನಿಂತಿದ್ದರೆ ಆ ಸಣ್ಣ ಉಸಿರಿನ ಸದ್ದು ಮೇಲಿನವರೆಗೂ ಕೇಳಿಸುತ್ತದೆ, ಕುರ್ಚಿಯಲ್ಲಿದ್ದವರು ಮೆಲ್ಲಗೆ ಎದ್ದು ನಿಂತು ಹಾಳೆಯಲ್ಲಿ ಮರಿಯ ಕಾಲಂನಲ್ಲಿ 1 ಅಂತ ಬರೆಯುತ್ತಾರೆ.