ಗಿಟಾರ್ ಪ್ರೀಸೆಟ್ ಬೇಸಿಗೆ ಹಾಕಬೇಡಿ

ಸೌಂಡ್ ಚೆಕ್ ಹೊತ್ತಿಗೆ ಬೇಸ್ ಗಿಟಾರ್ ನುಡಿಸುವ ಹುಡುಗರು ನನಗೆ ಹೇಳುವ ಮಾತು ಒಂದೇ: "ಅಣ್ಣ, ಪೆಡಲ್ ಆನ್ ಮಾಡಿದ ಕೂಡ್ಲೇ ಬೇಸ್ ಮಾಯ. ಸ್ವಲ್ಪ ಲೋ ಜಾಸ್ತಿ ಕೊಡಿ." ಲೋ ಅಂದರೆ ಕೆಳಮಟ್ಟದ, ದಪ್ಪ ಸದ್ದು. ಪೆಡಲ್ ಒಳ್ಳೆಯದೇ ಇರುತ್ತೆ. ಫೋನಿನಿಂದಲೇ ಸೆಟ್ ಮಾಡಬಹುದಾದ ಪ್ರೋಗ್ರಾಮೆಬಲ್ ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಪೆಡಲ್), ಬೇಸಿಗೂ ಗಿಟಾರಿಗೂ ಆಗುವಂಥದ್ದು. ಒಳಗಿರುವ ಪ್ರೀಸೆಟ್ (ಮೊದಲೇ ಸೇವ್ ಮಾಡಿಟ್ಟ ಸೆಟ್ಟಿಂಗ್) ಮಾತ್ರ ಗಿಟಾರಿಸ್ಟ್ ಗೆಳೆಯ ಕಳಿಸಿದ್ದು.

ಪೆಡಲ್ ಎರಡಕ್ಕೂ ಆಗುತ್ತೆ. ಪ್ರೀಸೆಟ್ ಆಗಲ್ಲ.

ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಬೇಸಿನದು 41. ಗಿಟಾರ್ ಡಿಸ್ಟಾರ್ಷನ್‌ಗಳಲ್ಲಿ ಲೋ ಭಾಗವನ್ನು ಬೇಕಂತಲೇ ಇಳಿಸಿರುತ್ತಾರೆ. ಇಲ್ಲದಿದ್ದರೆ ಕಾರ್ಡ್ ಹಿಡಿದಾಗ ಸದ್ದು ಕಲಸಿಹೋಗುತ್ತೆ. ಐಬನೀಜ್ ಟ್ಯೂಬ್ ಸ್ಕ್ರೀಮರ್ ಅನ್ನೋ ಗಿಟಾರ್ ಪೆಡಲ್‌ನಲ್ಲಿ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿಳಿದಷ್ಟೂ ಗೇನ್ (ಸಿಗ್ನಲ್ ಏರಿಸುವ ಪ್ರಮಾಣ) ಕಡಿಮೆ. ಅದನ್ನೇ ಹೋಲುವ ಪ್ರೀಸೆಟ್‌ಗೆ ಬೇಸ್ ಸಿಕ್ಕಿಸಿದರೆ ಬುಡ ಎಲ್ಲಿಂದ ಬರಬೇಕು?

ಹಾಗಾದರೆ ಬೇಸ್ ನಾಬ್ ಏರಿಸೋಣ ಅಂತಾರೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಡಿಸ್ಟಾರ್ಷನ್ ಅಂದರೆ ಅಲೆಯ ತಲೆ ಕತ್ತರಿಸುವುದು. ಕತ್ತರಿಸುವ ಮುಂಚೆ ಲೋ ಏರಿಸಿದರೆ ಆ ದೊಡ್ಡ ಅಲೆಯೇ ಮಿತಿ ಮುಟ್ಟುತ್ತೆ, ಅದರ ಮೇಲೆ ಕೂತ ಸಣ್ಣ ಅಲೆಗಳೂ ಜೊತೆಗೇ ಹೋಗುತ್ತವೆ. ಉಳಿಯೋದು ಬರೀ ಬರ್ರ್ ಅನ್ನೋ ಸದ್ದು. ಕತ್ತರಿಸಿದ ಮೇಲೆ ಏರಿಸಿದರೆ ಲೋ ಏನೋ ಸ್ವಲ್ಪ ಬರುತ್ತೆ, ಬೆರಳಿನ ಏಟು ವಾಪಸ್ ಬರಲ್ಲ. ಜೋರಾಗಿ ಮೀಟಿದರೂ ಮೆತ್ತಗೆ ಮೀಟಿದರೂ ಹೆಚ್ಚುಕಡಿಮೆ ಒಂದೇ ಮಟ್ಟ. ಬೇಸಿನ ಜೀವ ಇರೋದೇ ಆ ಏಟಿನಲ್ಲಿ ಅಲ್ವಾ?

ಪೆಡಲ್‌ನಲ್ಲಿ ಬ್ಲೆಂಡ್ ಇರುತ್ತೆ. ಕ್ಲೀನ್ ಸಿಗ್ನಲ್ಲನ್ನು ಡಿಸ್ಟಾರ್ಷನ್ ಜೊತೆ ಬೆರೆಸೋದು ಅದೇ. ಒಂದು ಕಾಲೇಜ್ ಫೆಸ್ಟ್‌ನಲ್ಲಿ ಒಬ್ಬ ಹುಡುಗ ಅದನ್ನು ಮುಟ್ಟೋಕೇ ಬಿಡಲಿಲ್ಲ. "ಕ್ಲೀನ್ ಹಾಕಿದ್ರೆ ಹೆವಿ ಇರಲ್ಲಣ್ಣ" ಅಂದ. ಡ್ರೈವ್ (ಡಿಸ್ಟಾರ್ಷನ್ ಎಷ್ಟು ಅನ್ನೋ ನಾಬ್) ಅರ್ಧಕ್ಕೆ ಇಳಿಸಿದೆ. ಡಿಸ್ಟಾರ್ಷನ್ ದಾರಿಯಲ್ಲಿ ಮಾತ್ರ 200 ಹರ್ಟ್ಜ್‌ನ ಕೆಳಗಿನದನ್ನು ತೆಗೆದೆ, ಲೋ ಕ್ಲೀನ್‌ನಿಂದಲೇ ಬರಲಿ ಅಂತ ಅದನ್ನು ಅರ್ಧ ಬೆರೆಸಿದೆ. ಕಿಕ್ ಡ್ರಮ್ ಜೊತೆ ನಾಲ್ಕು ಸುತ್ತು ನುಡಿಸಿದ. ಆಮೇಲೆ ಪ್ರೀಸೆಟ್ ತನಗೂ ಬೇಕು ಅಂತ ಗಿಟಾರಿಸ್ಟೇ ಕೇಳಿದ! ಕೊಡಬೇಡ ಅಂದೆ, ಅದು ಗಿಟಾರಿಗೆ ಕೂರಲ್ಲ.

ಒಂದು ಎಚ್ಚರಿಕೆ. ಕೆಲವು ಪೆಡಲ್‌ಗಳಲ್ಲಿ ಕ್ಲೀನ್ ಬೆರೆಸಿದಾಗ ಸದ್ದು ದಪ್ಪ ಆಗೋ ಬದಲು ತೆಳ್ಳಗಾಗಬಹುದು. ಆಗ ಎರಡರ ಫೇಸ್ (ಅಲೆಗಳ ಏರಿಳಿತ) ಹೊಂದಿಲ್ಲ ಅನ್ನೋ ಅನುಮಾನ ಇರಲಿ. ಫೇಸ್ ಸ್ವಿಚ್ ಇದ್ದರೆ ತಿರುಗಿಸಿ ಕೇಳಿ. ನಾನು ಹೇಳಿದ ಅಂಕಿಗಳನ್ನು ಹಾಗೇ ಇಳಿಸಿಕೊಳ್ಳಬೇಡಿ, ನಿಮ್ಮ ತಂತಿ, ಪಿಕಪ್, ಆಂಪ್ ಬೇರೆ. ಬ್ಯಾಂಡ್ ಪೂರ್ತಿ ನುಡಿಸುವಾಗ, ಸ್ಟೇಜಿನ ವಾಲ್ಯೂಮ್‌ನಲ್ಲಿ ಕೇಳಿ ಸೇವ್ ಮಾಡಿ. ಹೆಡ್‌ಫೋನ್‌ನಲ್ಲಿ ಅಲ್ಲ.