ಸಿಆರ್‌ಪಿ ಏರಿದೆಯೇ? ಮೊದಲು ಸುತ್ತಳತೆ, ಆಮೇಲೆ ಬಾಯಿ

ಶಿವಮೊಗ್ಗದಲ್ಲಿ ‘ಫುಲ್ ಬಾಡಿ ಚೆಕಪ್’ ಮಾಡಿಸಿಕೊಂಡವರ ರಿಪೋರ್ಟಿನಲ್ಲಿ ಈಗೀಗ ಎಚ್‌ಎಸ್‌-ಸಿಆರ್‌ಪಿ ಎಂಬ ಸಾಲೂ ಇರುತ್ತದೆ, ಮೈಯೊಳಗಿನ ಉರಿಯೂತ ಅಳೆಯುವ ರಕ್ತಪರೀಕ್ಷೆ ಅದು. ಅದರ ಮುಂದೆ 4.2 ಎಂದು ದಪ್ಪಕ್ಷರದಲ್ಲಿ ಬಂದರೆ ಮನೆಯವರಿಗೆಲ್ಲ ಗಾಬರಿ. ಸಂಜೆಯೊಳಗೆ ಅರಿಶಿನದ ಕ್ಯಾಪ್ಸೂಲು ಮನೆ ಸೇರುತ್ತದೆ. ಆದರೆ ಆ ಸಂಖ್ಯೆ ಏನು ಹೇಳುತ್ತಿದೆ ಎಂದು ತಿಳಿಯಬೇಕಾದರೆ, ರಕ್ತ ಕೊಟ್ಟ ದಿನ ಮೈ ಹೇಗಿತ್ತು ಎಂಬುದು ಮೊದಲು ಗೊತ್ತಾಗಬೇಕು.

ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ಯಕೃತ್ತು ತಯಾರಿಸುವ ಒಂದು ಪ್ರೋಟೀನು. ದೇಹದಲ್ಲಿ ಎಲ್ಲೇ ಉರಿಯೂತವಾದರೂ (ಸೋಂಕಿಗೋ ಗಾಯಕ್ಕೋ ಮೈ ತೋರುವ ಪ್ರತಿಕ್ರಿಯೆ) ಇಂಟರ್‌ಲ್ಯೂಕಿನ್‌-6 ಎಂಬ ಸಂಕೇತ ಯಕೃತ್ತಿಗೆ ಮುಟ್ಟಿ, ಅಲ್ಲಿಂದ ಸಿಆರ್‌ಪಿ ಹೊರಬರುತ್ತದೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. ನೆಗಡಿ, ಹಲ್ಲಿನ ಕೀವು, ಕಾಲಿನ ಗಾಯ, ಲಸಿಕೆ, ಹಿಂದಿನ ದಿನದ ಅತಿಯಾದ ದುಡಿಮೆ, ಇವುಗಳಲ್ಲಿ ಯಾವುದಾದರೂ ಇದನ್ನು ಏರಿಸಬಲ್ಲದು. ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲೂ ಏರುತ್ತದೆ. ಏರಿಸಿದ ಕಾರಣ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತಾ ಹೋಗುತ್ತದೆ.

ಹೃದಯದ ಅಪಾಯದ ಲೆಕ್ಕಕ್ಕೆ ಲೀಟರಿಗೆ 1 ಮಿಲಿಗ್ರಾಂಗಿಂತ ಕೆಳಗಿದ್ದರೆ ಕಡಿಮೆ, 1ರಿಂದ 3 ಮಧ್ಯಮ, 3ರ ಮೇಲೆ ಹೆಚ್ಚು. 10 ದಾಟಿದ್ದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸೋಂಕೋ ಗಾಯವೋ ಇದೆಯೇ ಎಂದು ನೋಡಿ, ಅದು ವಾಸಿಯಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಘಟಕವನ್ನೂ ಗಮನಿಸಿ. ಕೆಲವು ಲ್ಯಾಬು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ, ಅಲ್ಲಿಯ 0.42 ಎಂದರೆ ಇಲ್ಲಿಯ 4.2. ಸಾದಾ ಸಿಆರ್‌ಪಿ ಪರೀಕ್ಷೆ ಈ ಕೆಳಮಟ್ಟದ ಏರಿಳಿತವನ್ನು ಸರಿಯಾಗಿ ಹಿಡಿಯುವುದಿಲ್ಲ, ‘ಎಚ್‌ಎಸ್‌’ (ಹೈ ಸೆನ್ಸಿಟಿವಿಟಿ, ಅತಿ ಸೂಕ್ಷ್ಮ) ಎಂದೇ ಬರೆಸಿ. ಆರೋಗ್ಯವಾಗಿರುವಾಗ ಎರಡು ವಾರದ ಅಂತರದಲ್ಲಿ ಎರಡು ಸಲ ಮಾಡಿಸಿ ಸರಾಸರಿ ತೆಗೆಯುವುದು ಒಳ್ಳೆಯದು. ಮಲೆನಾಡಿನಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಬೇಸಿಗೆಯಲ್ಲಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಜ್ವರ ಅದು. ಜ್ವರ ಬಿಟ್ಟ ವಾರದಲ್ಲೇ ಚೆಕಪ್ ಮಾಡಿಸಿದರೆ ದುಡ್ಡು ದಂಡ.

ಅದೇ ರಿಪೋರ್ಟಿನಲ್ಲಿ ಕಬ್ಬಿಣದ ದಾಸ್ತಾನು ತೋರುವ ಫೆರಿಟಿನ್ ಸಾಲಿನಲ್ಲೂ ಇದೇ ತೊಡಕಿದೆ. ಉರಿಯೂತ ಇದ್ದಾಗ ಫೆರಿಟಿನ್ ತಾನೂ ಏರುವುದರಿಂದ ಒಳಗೆ ಕಬ್ಬಿಣದ ಕೊರತೆಯಿದ್ದರೂ ‘ನಾರ್ಮಲ್’ ಎಂದು ತೋರಬಹುದು. ಸುಸ್ತಿದ್ದು ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಫೆರಿಟಿನ್, ಸಿಆರ್‌ಪಿ ಎರಡನ್ನೂ ಜೊತೆಗಿಟ್ಟೇ ಓದಬೇಕು.

ಎರಡು ಸಲವೂ 3ರ ಮೇಲೆ ಬಂದು, ಸೋಂಕೂ ಇಲ್ಲದಿದ್ದರೆ ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬರಿಮೈಮೇಲೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳೆಯಬೇಕು. ಪಂಚೆಯೋ ಪ್ಯಾಂಟೋ ಕಟ್ಟುವ ಜಾಗದಲ್ಲಿ ಅಳೆದರೆ ಹೊಟ್ಟೆಯ ಕೆಳಗೆ ಜಾರಿ ಅಳತೆ ಕಡಿಮೆ ಬರುತ್ತದೆ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಗಡಿ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ. ಕರುಳಿನ ಸುತ್ತಲಿನ ಈ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದರ ಕೋಶಗಳು ಉಬ್ಬಿದಂತೆ ರಕ್ಷಣಾಕೋಶಗಳು ಅಲ್ಲಿ ನೆರೆದು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ, ಅವು ನೇರ ಯಕೃತ್ತಿಗೆ ಹೋಗುತ್ತವೆ. ಸಿಆರ್‌ಪಿ ಏರುವುದೂ ಮೈ ಇನ್ಸುಲಿನ್ನಿನ ಮಾತು ಕೇಳದಾಗುವುದೂ ಅಲ್ಲಿಂದಲೇ. ತೂಕ ಇಳಿಸಿದವರ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಪ್ರತಿ ಕಿಲೋ ಇಳಿಕೆಗೆ ಸಿಆರ್‌ಪಿ ಸರಾಸರಿ ಲೀಟರಿಗೆ 0.13 ಮಿಲಿಗ್ರಾಂ ಇಳಿದಿತ್ತು. ಐದಾರು ಕಿಲೋ ಇಳಿಸಿದರೆ ಲೆಕ್ಕಕ್ಕೆ ಸಿಗುವ ಬದಲಾವಣೆ ಅದು.

ಎರಡನೆಯದು ಬಾಯಿ. ಅಡಿಕೆಯ ಮೇಲೆಯೇ ಬದುಕು ಕಟ್ಟಿಕೊಂಡ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈ ಮಾತು ಕಹಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೊಗೆಸೊಪ್ಪು ಸೇರಿಸದೆ ಜಗಿದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅದು ಬಾಯಿಗಷ್ಟೇ ನಿಲ್ಲುವ ವಿಷಯವೂ ಅಲ್ಲ. ತೈವಾನಿನ ಅಧ್ಯಯನಗಳಲ್ಲಿ ಅಡಿಕೆ ಜಗಿಯುವವರಲ್ಲಿ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಮೆಟಬಾಲಿಕ್ ಸಿಂಡ್ರೋಮ್ (ಬೊಜ್ಜು, ಬಿಪಿ, ಸಕ್ಕರೆ, ರಕ್ತದ ಕೊಬ್ಬು ಒಟ್ಟಿಗೆ ಕೆಡುವುದು) ಹೆಚ್ಚಾಗಿ ಕಂಡಿವೆ. ದಿನಕ್ಕೆ ಹತ್ತು ಕವಳ (ಎಲೆ ಅಡಿಕೆ) ಹಾಕುವವರ ಒಸಡಿನಲ್ಲಿ ಕಲ್ಲು ಕಟ್ಟಿ, ಹಲ್ಲು ಅಲುಗಿ, ಉಗುಳಿನಲ್ಲಿ ರಕ್ತ ಬರುತ್ತಿದ್ದರೂ ಕೆಂಪು ರಸದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಆ ಒಸಡಿನ ಉರಿಯೂತ ಸಿಆರ್‌ಪಿಯನ್ನು ವರ್ಷಗಟ್ಟಲೆ ಏರಿಸಿಡಬಲ್ಲದು. ಸಕ್ಕರೆ ಕಾಯಿಲೆ ಇರುವವರಿಗೆ ಒಸಡಿನ ಆಳದ ಶುಚಿ ಮಾಡಿಸಿದರೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಕೆಲವು ತಿಂಗಳಲ್ಲಿ ಶೇ 0.3ರಿಂದ 0.4 ಅಂಶದಷ್ಟು ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. ದಂತವೈದ್ಯರ ಹತ್ತಿರ ಹೋಗುವುದು ಸಕ್ಕರೆಗೂ ಔಷಧವೇ. ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯಿಗೆ ತೂರಲಾಗದಿದ್ದರೆ, ಖಾರ ತಾಗಿದರೆ ಕೆನ್ನೆಯೊಳಗೆ ಉರಿದರೆ, ಸಿಆರ್‌ಪಿ ಬದಿಗಿಟ್ಟು ಆ ವಾರವೇ ತೋರಿಸಿ.

ಕವಳ ಬಿಡುವವರು ಮೊದಲು ಹೊಗೆಸೊಪ್ಪು ಬಿಡಲಿ, ಬಳಿಕ ಕೆನ್ನೆಯಲ್ಲಿಟ್ಟುಕೊಂಡೇ ಮಲಗುವ ರಾತ್ರಿಯ ಕವಳ, ಆಮೇಲೆ ವಾರಕ್ಕೊಂದರಂತೆ ಉಳಿದವು. ಮೊದಲ ಕೆಲವು ದಿನ ತಲೆನೋವು, ಸಿಡುಕು ಇರುತ್ತದೆ. ಬಾಯಿಗೆ ಏನಾದರೂ ಬೇಕೆನಿಸಿದಾಗ ಸೋಂಪೋ ಒಣ ನೆಲ್ಲಿಚಟ್ಟೋ ಇರಲಿ.

ಊಟದ ವಿಷಯಕ್ಕೆ ಬಂದರೆ, ಬೆಳಿಗ್ಗೆ ಕಡುಬು ಅಥವಾ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮೂರೂ ಹೊತ್ತು ಅಕ್ಕಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2,000 ಕ್ಯಾಲೊರಿಯ ತಟ್ಟೆಯಲ್ಲಿ ದಿನಕ್ಕೆ ಧಾನ್ಯವೆಲ್ಲ ಸೇರಿ 250 ಗ್ರಾಂ, ತರಕಾರಿ 400 ಗ್ರಾಂ. ನಮ್ಮ ಬಾಳೆಲೆಯಲ್ಲಿ ಇದು ತಲೆಕೆಳಗು. ನಾಟಿ, ಅಡಿಕೆ ಕೊನೆ ಕೊಯ್ಲು ಎಂದು ದಿನವಿಡೀ ದುಡಿಯುವ ಮೈಗೆ ಆ ಅನ್ನ ಬೇಕಿತ್ತು. ಕುರ್ಚಿಯ ಕೆಲಸಕ್ಕೆ ಬಂದ ಮೇಲೂ ಅಳತೆ ಅದೇ ಉಳಿಯಿತು. ಅನ್ನವನ್ನು ಒಂದು ಹೊತ್ತಿಗೆ ಬೆಂದದ್ದು 150 ಗ್ರಾಂ, ಅಂದರೆ ಸುಮಾರು ಒಂದು ಬಟ್ಟಲಿಗೆ ತನ್ನಿ. ಮೊದಲು ಪಲ್ಯ, ಕಾಳು, ಆಮೇಲೆ ಅನ್ನ ತಿಂದರೆ ಸಕ್ಕರೆ ಅಷ್ಟು ಜಿಗಿಯುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ಹೇಳದೆ ಅನ್ನ ಕಡಿಮೆ ಮಾಡಬೇಡಿ. ಸಕ್ಕರೆ ಪೂರ್ತಿ ಇಳಿದು ಬೆವರಿ ಬೀಳುವ ಅಪಾಯವಿದೆ.

ಹುರುಳಿಯದು ಮನಸ್ಸಿಗೆ ನೋವಾಗುವ ಸಂಗತಿ. ಎಷ್ಟೋ ಮನೆಗಳಲ್ಲಿ ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತಾರೆ, ಬೆಂದ ಕಾಳು ಕೊಟ್ಟಿಗೆಗೆ. ನೂರು ಗ್ರಾಂ ಒಣ ಹುರುಳಿಯಲ್ಲಿರುವ ಸುಮಾರು 22 ಗ್ರಾಂ ಪ್ರೋಟೀನಿನ ಬಹುಪಾಲು, ನಾರಿನ ಬಹುಪಾಲು ಹೋಗುವುದು ದನಕ್ಕೆ. ಒಬ್ಬರಿಗೆ 30 ಗ್ರಾಂ ಲೆಕ್ಕದಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ, ಕಟ್ಟು ಸಾರಿಗಿರಲಿ, ಕಾಳಿಗೆ ಕಾಯಿತುರಿ ಹಾಕಿ ಉಸಲಿ ಮಾಡಿ. ಹೊಟ್ಟೆ ಉಬ್ಬರಿಸಿದರೆ ಪ್ರಮಾಣ ಅರ್ಧಕ್ಕಿಳಿಸಿ, ಎರಡು ವಾರದಲ್ಲಿ ಮೆಲ್ಲಗೆ ಏರಿಸಿ.

ತಂಬುಳಿಯಲ್ಲಿ ಒಂದೆಲಗವನ್ನೋ ಶುಂಠಿಯನ್ನೋ ಹುರಿದು ರುಬ್ಬಿ ಮಜ್ಜಿಗೆಗೆ ಸೇರಿಸುತ್ತೇವೆ, ಮಜ್ಜಿಗೆ ಮಾತ್ರ ಕುದಿಯುವುದಿಲ್ಲ. ಹಾಗಾಗಿ ಅದರ ಸೂಕ್ಷ್ಮಾಣುಗಳು ಜೀವಂತ ಉಳಿಯುತ್ತವೆ. ಮಜ್ಜಿಗೆಹುಳಿಯಲ್ಲಿ ಸಾಯುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2021ರ ಒಂದು ಪ್ರಯೋಗದಲ್ಲಿ 10 ವಾರ ಹುದುಗಿದ ಆಹಾರ ತಿಂದವರ ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದವು. ಪ್ರಯೋಗದಲ್ಲಿ ಇದ್ದದ್ದು ಒಟ್ಟು 36 ಜನ, ಅದನ್ನು ಮರೆಯಬಾರದು. ಆದರೂ ದಿನಕ್ಕೊಂದು ಬಟ್ಟಲು ತಂಬುಳಿಯಿಂದ ಕಳೆದುಕೊಳ್ಳುವುದು ಏನಿಲ್ಲ, ಉಪ್ಪು ಮಿತವಾಗಿದ್ದರೆ.

ಅರಿಶಿನದ ಲೆಕ್ಕ ಹೀಗೆ: ಅರ್ಧ ಚಮಚ ಪುಡಿ ಸುಮಾರು ಒಂದೂವರೆ ಗ್ರಾಂ, ಅದರಲ್ಲಿ ಮುಖ್ಯ ಸತ್ವವಾದ ಕರ್ಕ್ಯುಮಿನ್ ಶೇ 3ರಷ್ಟು, ಎಂದರೆ 45 ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಟ್ಟದ್ದು ಸಾಮಾನ್ಯವಾಗಿ 500 ಮಿಲಿಗ್ರಾಂ, ಅದಕ್ಕೂ ಹೆಚ್ಚು. ಸಾರಿನ ಅರಿಶಿನ ಸಾರಿಗೇ ಸರಿ. ಕಾಳುಮೆಣಸಿನ ಸತ್ವ ಸೇರಿಸಿದ ಹೆಚ್ಚಿನ ಪ್ರಮಾಣದ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದದ್ದು ವರದಿಯಾಗಿದೆ. ಬೆಲ್ಲವೂ ಅಷ್ಟೇ, ಜೋನಿಯಾಗಲಿ ಅಚ್ಚಾಗಲಿ ರಕ್ತದಲ್ಲಿ ಸಕ್ಕರೆಯೇ. ತೆಂಗಿನೆಣ್ಣೆ ಉರಿಯೂತದ ಸೂಚಕಗಳನ್ನು ಅಷ್ಟಾಗಿ ಅಲುಗಿಸುವುದಿಲ್ಲ, ‘ಕೆಟ್ಟ’ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಏರಿಸುತ್ತದೆ.

ಉಳಿದದ್ದು ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನ ತನಕ ನಡಿಗೆ ನಿಲ್ಲುತ್ತದೆ, ಹಲಸಿನ ಹಪ್ಪಳದ ಬಾಣಲೆ ಏರುತ್ತದೆ. ಹಪ್ಪಳವನ್ನು ಕೆಂಡದ ಮೇಲೆ ಸುಡಿ. ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಕಾಯಿಸಬೇಡಿ. ಪ್ರತಿ ಊಟದ ನಂತರ ಜಗುಲಿಯಲ್ಲೇ ಹತ್ತು ನಿಮಿಷ ಅತ್ತಿಂದಿತ್ತ ನಡೆದರೂ ಕಾಲಿನ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಜೊತೆಗೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಅಂಥ ಮೂರು ಸುತ್ತು, ವಾರಕ್ಕೆ ಎರಡು ಮೂರು ದಿನ. ಬಚ್ಚಲ ಒಲೆಯ ಹೊಗೆ ಮನೆಯೊಳಗೆ ಸುತ್ತುತ್ತಿದ್ದರೆ ಹೊಗೆಗೂಡು ಸರಿಮಾಡಿಸಿ, ಕಟ್ಟಿಗೆ ಒಣಗಿಸಿಡಿ. ಸೂಕ್ಷ್ಮ ಕಣಗಳು ಶ್ವಾಸಕೋಶ ದಾಟಿ ಇದೇ ಉರಿಯೂತಕ್ಕೆ ಸೇರುತ್ತವೆ.

ಮರುಪರೀಕ್ಷೆ ಮೂರು ತಿಂಗಳ ನಂತರ, ಒಸಡಿನ ಚಿಕಿತ್ಸೆ ಮುಗಿದು ಒಂದು ತಿಂಗಳಾದರೂ ಕಳೆದ ಮೇಲೆ, ಅದೇ ಲ್ಯಾಬಿನಲ್ಲಿ. ಸುತ್ತಳತೆ ನಾಲ್ಕು ಸೆಂಟಿಮೀಟರು ಇಳಿದು, ಬಾಯಿಯೂ ಸ್ವಚ್ಛವಾಗಿ, ಸಂಖ್ಯೆ ಮಾತ್ರ 3ರ ಮೇಲೆಯೇ ನಿಂತಿದ್ದರೆ ಕಾರಣ ಬೇರೆಡೆ ಇರಬಹುದು: ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿಯುವ ಕೀಲು, ಸೋರಿಯಾಸಿಸ್, ವಾಸಿಯಾಗದ ಕೆಮ್ಮು, ಮರುಕಳಿಸುವ ಮೂತ್ರದ ಸೋಂಕು. ಆಗ ಎರಡೂ ರಿಪೋರ್ಟು, ಟೇಪಿನ ಅಳತೆ ಬರೆದ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ.